ಹುಲ್ಲುಹಾಸಿನ ಖರ್ಚು, ಜಾಲಿ ಮರದ ಉಳಿತಾಯ: ವಾದಿ ಹನೀಫಾ ಹೇಳುವ ಲೆಕ್ಕ

ರಿಯಾದ್‌ನಲ್ಲಿರುವ ನಮ್ಮವರಿಗೆ ಚಳಿಗಾಲದ ಶುಕ್ರವಾರ ಅಂದರೆ ಬಿರಿಯಾನಿ ಪಾತ್ರೆ, ಚಾಪೆ, ಮಕ್ಕಳ ಸೈಕಲ್ಲು ಎಲ್ಲಾ ಕಾರಿಗೆ ತುಂಬಿಸಿಕೊಂಡು ವಾದಿ ಹನೀಫಾ ಕಡೆ ಹೊರಡುವ ದಿನ. ಸುಣ್ಣದ ಕಲ್ಲಿನ ಚಪ್ಪಡಿ ನಿಲ್ಲಿಸಿ ಮರೆ ಮಾಡಿದ ಕುಟುಂಬಗಳ ಜಾಗ, ಖರ್ಜೂರದ ಸಾಲು, ಮುಳ್ಳಿನ ಜಾಲಿ ಮರ, ಮಧ್ಯೆ ಹರಿಯುವ ನೀರು. ಇದು ಮೊದಲಿನಿಂದಲೂ ಹೀಗೇ ಇತ್ತು ಅಂತ ಹೊಸದಾಗಿ ಬಂದವರು ಅಂದುಕೊಳ್ಳುವುದು ಸಹಜ. ಆದರೆ 2000ಕ್ಕೆ ಮುಂಚೆ ಇದರ ಚಿತ್ರವೇ ಬೇರೆ ಇತ್ತು. ಒಡೆದ ಕಟ್ಟಡಗಳ ಅವಶೇಷ, ಕಸದ ರಾಶಿ, ನಿಂತ ಕೊಳಚೆ ನೀರು, ಸೊಳ್ಳೆ, ಮೂಗು ಮುಚ್ಚಿಕೊಳ್ಳಬೇಕಾದ ವಾಸನೆ. ಕುಟುಂಬ ಕರೆದುಕೊಂಡು ಹೋಗುವ ಜಾಗ ಅದಾಗಿರಲಿಲ್ಲ.

ಒಂದು ಕೊಳಚೆ ಕಣಿವೆ ಹೇಗೆ ಉದ್ಯಾನವಾಯಿತು, ಅದಕ್ಕೆ ಯಾವ ಗಿಡ ನೆಟ್ಟರು, ಅದರಿಂದ ಯಾರಿಗೆ ಏನು ಸಿಕ್ಕಿತು ಅನ್ನೋದು ಬರೀ ಪರಿಸರದ ವಿಷಯ ಅಲ್ಲ. ಗಲ್ಫ್‌ನ ಬಿಸಿಲಲ್ಲಿ ಬಸ್ಸಿಗೆ ಕಾಯುವವರು, ಸೈಟಿನಲ್ಲಿ ನಿಂತು ದುಡಿಯುವವರು, ಎರಡು ರೂಮಿನ ಫ್ಲಾಟಿನಲ್ಲಿ ಮಕ್ಕಳನ್ನು ಬೆಳೆಸುವವರು, ಎಲ್ಲರಿಗೂ ಅದು ತಾಗುತ್ತದೆ.

ವಾದಿ ಅಂದರೆ ಕಣಿವೆ. ಮಳೆ ಬಂದಾಗ ಮಾತ್ರ ಹರಿಯುವ ಒಣ ಹೊಳೆ. ವಾದಿ ಹನೀಫಾ ತುವೈಕ್ ಬೆಟ್ಟಸಾಲಿನಿಂದ ಇಳಿದು, ದಿರಿಯಾ ಪಕ್ಕದಲ್ಲೇ ಹಾದು, ರಿಯಾದ್‌ನ ಪಶ್ಚಿಮ ಅಂಚಿನಲ್ಲಿ ಸಾಗಿ, ದಕ್ಷಿಣದ ಅಲ್ ಹಾಇರ್ ಕಡೆಗೆ ಸುಮಾರು 120 ಕಿಲೋಮೀಟರ್ ಹೋಗುತ್ತದೆ. ದಿರಿಯಾದ ಹಳೇ ಮಣ್ಣಿನ ಪೇಟೆ ಅತ್-ತುರೈಫ್ 2010ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಆ ಪೇಟೆ ಅಲ್ಲಿ ಬೆಳೆದದ್ದೇ ಈ ಕಣಿವೆಯ ಬಾವಿ ನೀರು ಮತ್ತು ಖರ್ಜೂರದ ತೋಟಗಳನ್ನು ನಂಬಿ.

ತೈಲದ ಹಣ ಬಂದು ನಗರ ಓಡಲು ಶುರು ಮಾಡಿದ ಮೇಲೆ ಕಣಿವೆಗೆ ಕೆಟ್ಟ ಕಾಲ ಬಂತು. ಕಟ್ಟಡಕ್ಕೆ ಬೇಕಾದ ಕಲ್ಲು, ಮಣ್ಣು ಇಲ್ಲಿಂದಲೇ ಅಗೆದರು. ಕಟ್ಟಡ ಒಡೆದಾಗ ಬಂದ ರಾಶಿಯನ್ನು ಇಲ್ಲೇ ಸುರಿದರು. ಅಂತರ್ಜಲ ಎತ್ತಿ ಎತ್ತಿ ಬಾವಿ ಬತ್ತಿಸಿದರು. ನಗರದ ಬಚ್ಚಲು ನೀರು, ಅರ್ಧಂಬರ್ಧ ಶುದ್ಧವಾದದ್ದೂ ಆಗದ್ದೂ ಸೇರಿ, ಇದೇ ಕಣಿವೆಗೆ ಇಳಿಯಿತು. ಮಳೆಯಲ್ಲಿ ಮಾತ್ರ ಹರಿಯಬೇಕಿದ್ದ ಒಣ ಹೊಳೆ ವರ್ಷವಿಡೀ ಹರಿಯುವ ಚರಂಡಿಯಾಯಿತು. ಕಣಿವೆಯ ತಳವೇ ಎತ್ತರ-ತಗ್ಗಾಗಿದ್ದರಿಂದ ಪ್ರವಾಹದ ನೀರಿಗೂ ಸರಿಯಾದ ದಾರಿ ಉಳಿಯಲಿಲ್ಲ.

ಮೊದಲು ಕಸ, ಆಮೇಲೆ ಗಿಡ

2001ರಿಂದ ರಿಯಾದ್ ಅಭಿವೃದ್ಧಿ ಪ್ರಾಧಿಕಾರ ಇದನ್ನು ಸರಿಪಡಿಸಲು ಹೊರಟಿತು. ಕೆನಡಾದ ಮೊರಿಯಾಮಾ ಆ್ಯಂಡ್ ತೆಶಿಮಾ, ಬ್ರಿಟನ್ನಿನ ಬ್ಯೂರೋ ಹ್ಯಾಪೋಲ್ಡ್ ಸಂಸ್ಥೆಗಳು ವಿನ್ಯಾಸ ಮಾಡಿದವು. ಮಾಡಿದ ಕೆಲಸಕ್ಕಿಂತ ಅದನ್ನು ಮಾಡಿದ ಕ್ರಮ ಮುಖ್ಯ. ಮೊದಲ ದಿನವೇ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳಲಿಲ್ಲ. ಕಸ ಸುರಿಯುವುದನ್ನು, ಕಲ್ಲು ಅಗೆಯುವುದನ್ನು ನಿಲ್ಲಿಸಿ, ಇದ್ದ ರಾಶಿ ತೆಗೆಸಿದರು. ಆಮೇಲೆ ನೀರು ಸಲೀಸಾಗಿ ಇಳಿದುಹೋಗುವ ಹಾಗೆ ಕಣಿವೆಯ ತಳದ ಮಟ್ಟ ಸರಿ ಮಾಡಿದರು. ಅದಾದ ಮೇಲೆ ಗಿಡ. 2010ರಲ್ಲಿ ಈ ಕೆಲಸಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಸಾಮಾನ್ಯವಾಗಿ ಕಟ್ಟಡಗಳಿಗೆ ಕೊಡುವ ಪ್ರಶಸ್ತಿ ಒಂದು ಕಣಿವೆಗೆ ಸಿಕ್ಕಿದ್ದು ಸಣ್ಣ ಮಾತಲ್ಲ.

ನೀರು ಶುದ್ಧ ಮಾಡುವ ಭಾಗ ಇನ್ನೂ ಚೆನ್ನಾಗಿದೆ. ಹರಿಯುವ ಬಚ್ಚಲು ನೀರನ್ನು ಸಾಲಾಗಿ ಮಾಡಿದ ಸಣ್ಣ ಸಣ್ಣ ಕೊಳಗಳಿಗೆ ಬಿಡುತ್ತಾರೆ. ಸಣ್ಣ ಒಡ್ಡುಗಳ ಮೇಲಿಂದ ನೀರು ಕಲ್ಲಿನ ಮೇಲೆ ಬಿದ್ದಾಗ ಗಾಳಿ ಬೆರೆಯುತ್ತದೆ. ಗಾಳಿ ಬೆರೆತ ನೀರಿನಲ್ಲಿ, ಕಲ್ಲಿನ ಮೈಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ಅಲ್ಲಿ ಪಾಚಿ ಬೆಳೆಯುತ್ತದೆ, ಪಾಚಿಯನ್ನು ತಿಲಾಪಿಯಾ ಮೀನು ತಿನ್ನುತ್ತದೆ, ಮೀನಿಗೆ ಬಕ ಪಕ್ಷಿ ಬರುತ್ತದೆ. ಪ್ರಕೃತಿಯೇ ಶಿಫ್ಟ್ ಹಾಕಿಕೊಂಡು ಕೆಲಸ ಮಾಡುವ ಹಾಗೆ. ರಾಸಾಯನಿಕ ಬೇಕಿಲ್ಲ. ಹೊರಗೆ ಬಂದ ನೀರು ಕುಡಿಯಲು ಆಗದಿದ್ದರೂ ತೋಟಕ್ಕೆ, ಮರಕ್ಕೆ ಧಾರಾಳ ಸಾಕು.

ಇನ್ನು ಮರಗಳು. ಕಣಿವೆಯಲ್ಲಿ ನೆಟ್ಟದ್ದು ಹೆಚ್ಚಾಗಿ ಆ ನೆಲದವೇ: ಖರ್ಜೂರ, ಅರಬ್ಬರು ತಲ್ಹ್ ಅನ್ನುವ ಜಾಲಿ, ಸಿದ್ರ್. ಈ ಸಿದ್ರ್ ನಮ್ಮ ಬೋರೆ ಹಣ್ಣಿನ, ಉತ್ತರ ಕರ್ನಾಟಕದವರ ಬಾರಿ ಹಣ್ಣಿನ ದಾಯಾದಿ. ಅದೇ ಥರದ ಮುಳ್ಳು, ಅದೇ ಥರದ ಪುಟ್ಟ ಹಣ್ಣು. ಊರಿಗೆ ಹೋಗುವಾಗ ಗಿಫ್ಟಿಗೆ ಅಂತ ಬೆಲೆ ಕೇಳಿ ವಾಪಸ್ ಇಡುವ ಸಿದ್ರ್ ಜೇನು ಇದೇ ಮರದ ಹೂವಿನದು. ಮರ ಇದ್ದರೆ ಜೇನು, ಜೇನಿದ್ದರೆ ವ್ಯಾಪಾರ. ಹುಲ್ಲುಹಾಸಿನಿಂದ ಯಾರೂ ಜೇನು ತೆಗೆದಿಲ್ಲ.

ಹುಲ್ಲುಹಾಸಿನ ಬಿಲ್

ಗಲ್ಫ್ ನಗರಗಳಲ್ಲಿ ಪಾರ್ಕ್ ಅಂದರೆ ಬಹಳ ಜನರ ಕಣ್ಣಿಗೆ ಬರುವುದು ಹಸಿರು ಹುಲ್ಲು ಮತ್ತು ರಸ್ತೆ ಬದಿಯ ಪೆಟೂನಿಯಾ ಹೂವು. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಹುಲ್ಲುಹಾಸು ಆಸ್ತಿ ಅಲ್ಲ, ತಿಂಗಳು ತಿಂಗಳು ಬರುವ ಖರ್ಚು.

ಲೆಕ್ಕ ಸುಲಭ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಇಲ್ಲಿನ ಕಡು ಬೇಸಿಗೆಯಲ್ಲಿ ಹುಲ್ಲಿನಿಂದ ದಿನಕ್ಕೆ ಹತ್ತಿರ ಹತ್ತಿರ 10 ಮಿಲಿಮೀಟರ್ ನೀರು ಆವಿಯಾಗಿ ಹೋಗುತ್ತದೆ. ಅಂದರೆ ಚದರ ಮೀಟರಿಗೆ ದಿನಕ್ಕೆ 10 ಲೀಟರ್. ಅದು ಬದುಕಿರಬೇಕಾದರೆ ಕೊಡಲೇಬೇಕು. ರಿಯಾದ್‌ನಲ್ಲಿ ಇಡೀ ವರ್ಷ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಮೇಲಿಂದ ಬರುವ ಒಂದು ವರ್ಷದ ಆದಾಯ ಬೇಸಿಗೆಯ ಹತ್ತೇ ದಿನದ ಖರ್ಚಿಗೆ ಮುಗಿಯಿತು. ಮಂಗಳೂರಿನಲ್ಲಿ ಮಳೆ ವರ್ಷಕ್ಕೆ 3,500 ಮಿಲಿಮೀಟರ್ ದಾಟುತ್ತದೆ. ಅಲ್ಲಿ ಹುಲ್ಲು ಬೇಡವೆಂದರೂ ಬೆಳೆಯುತ್ತದೆ. ಅಲ್ಲಿನ ಅಂದವನ್ನು ತಂದು ಇಲ್ಲಿ ಹಾಸಿದರೆ ಉಳಿದ ನೀರೆಲ್ಲ ಪೈಪಿನಿಂದಲೇ ಬರಬೇಕು.

ಜಾಲಿ, ಸಿದ್ರ್ ಥರದ ಮರಕ್ಕೂ ಮೊದಲ ಕೆಲವು ವರ್ಷ ನೀರು ಬೇಕು. ಹನಿ ನೀರಾವರಿಯಲ್ಲಿ ಬುಡಕ್ಕಷ್ಟೇ ಕೊಟ್ಟರೆ ಸಾಕು. ದಿನಾ ಸ್ವಲ್ಪ ಸ್ವಲ್ಪ ಕೊಡುವ ಬದಲು, ಬಿಡುವು ಕೊಟ್ಟು ಒಮ್ಮೆಗೇ ಆಳಕ್ಕೆ ಇಳಿಯುವಷ್ಟು ಕೊಡಬೇಕು. ದಿನಾ ಮೇಲೆ ಮೇಲೆ ಕುಡಿಸಿದ ಗಿಡದ ಬೇರು ಮೇಲೇ ಉಳಿದು, ಗಾಳಿಗೆ ಬೀಳುತ್ತದೆ. ಲ್ಯಾಂಡ್‌ಸ್ಕೇಪ್ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಇದು ಹೊಸದಲ್ಲ; ಊರಲ್ಲಿ ಅಡಿಕೆ, ತೆಂಗು ಸಾಕಿದವರು ಯಾರೂ ಹೇಳುತ್ತಾರೆ. ಬೇರು ಆಳಕ್ಕೆ ಇಳಿದ ಮೇಲೆ ನೀರಿನ ಬಿಲ್ ಇಳಿಯುತ್ತಾ ಹೋಗುತ್ತದೆ, ನೆರಳು ಮಾತ್ರ ಏರುತ್ತಾ ಹೋಗುತ್ತದೆ. ಆಫೀಸಿನ ಕಂಪ್ಯೂಟರು, ಕಾರು ಎಲ್ಲಕ್ಕೂ ವರ್ಷ ವರ್ಷ ಸವಕಳಿ ಬರೆಯಬೇಕು. ವರ್ಷ ಕಳೆದ ಹಾಗೆ ಬೆಲೆ ಏರುವ ಸಾಮಾನು ಪಾರ್ಕಿನಲ್ಲಿ ಮರ ಒಂದೇ.

ಈಗ ದೊಡ್ಡ ಲೆಕ್ಕಕ್ಕೆ ಬರೋಣ. 2019ರ ಮಾರ್ಚ್‌ನಲ್ಲಿ ಘೋಷಣೆಯಾದ ಗ್ರೀನ್ ರಿಯಾದ್ ಯೋಜನೆಯ ಗುರಿ 75 ಲಕ್ಷ ಮರ. ನಗರದ ಹಸಿರು ಹೊದಿಕೆ ಶೇ. 1.5ರಿಂದ ಶೇ. 9.1ಕ್ಕೆ ಏರಬೇಕು, ತಲಾ ಹಸಿರು ಜಾಗ 1.7 ಚದರ ಮೀಟರ್‌ನಿಂದ 28ಕ್ಕೆ. ಇದಕ್ಕಾಗಿ ಶುದ್ಧೀಕರಿಸಿದ ಬಚ್ಚಲು ನೀರಿನ ಬಳಕೆಯನ್ನು ದಿನಕ್ಕೆ 90,000 ಘನ ಮೀಟರ್‌ನಿಂದ 10 ಲಕ್ಷ ಘನ ಮೀಟರ್‌ಗೆ ಏರಿಸುವ ಯೋಚನೆ. 10 ಲಕ್ಷ ಘನ ಮೀಟರ್ ಅಂದರೆ 100 ಕೋಟಿ ಲೀಟರ್. 75 ಲಕ್ಷ ಮರಕ್ಕೆ ಹಂಚಿದರೆ ಮರವೊಂದಕ್ಕೆ ದಿನಕ್ಕೆ 133 ಲೀಟರ್ ಆಯಿತು. ಕೇಳಲು ಧಾರಾಳ. ಆದರೆ ಬೇಸಿಗೆಯಲ್ಲಿ ಇದೇ 133 ಲೀಟರನ್ನು ಸುಮಾರು 13 ಚದರ ಮೀಟರ್ ಹುಲ್ಲು ಕುಡಿದು ಮುಗಿಸುತ್ತದೆ. ಅಂದರೆ 12 ಅಡಿಗೆ 12 ಅಡಿಯ ಒಂದು ಬೆಡ್‌ರೂಮಿನಷ್ಟು ಹುಲ್ಲು. ಹುಲ್ಲು ಜಾಸ್ತಿಯಾದಷ್ಟೂ ಮರದ ಪಾಲಿನ ನೀರು ಕಮ್ಮಿಯಾಗುತ್ತದೆ. ಹಸಿರು ಎಷ್ಟು ಅನ್ನುವುದಕ್ಕಿಂತ ಯಾವ ಹಸಿರು ಅನ್ನುವ ಪ್ರಶ್ನೆ ಅದಕ್ಕೇ ದೊಡ್ಡದು.

ಅಂದ ಹಾಗೆ, ಈ ನೀರು ಎಲ್ಲಿಂದ ಬರುತ್ತದೆ? ಫ್ಲಾಟಿನಲ್ಲಿ, ಲೇಬರ್ ಕ್ಯಾಂಪಿನಲ್ಲಿ ಸ್ನಾನ ಮಾಡಿದ, ಬಟ್ಟೆ ಒಗೆದ ನೀರೇ ಶುದ್ಧವಾಗಿ ಮರದ ಬುಡ ಸೇರುತ್ತದೆ. ರಿಯಾದ್‌ನ ರಸ್ತೆ ಬದಿಯ ನೆರಳಿನಲ್ಲಿ ಕಾರ್ಮಿಕರ ಬಚ್ಚಲಿನ ಪಾಲೂ ಇದೆ.

ಬೇಗ ಬೆಳೆದ ಮರದ ಸಾಲ

ಸ್ಥಳೀಯ ಮರಗಳಿಗೆ ಒಂದು ತೊಂದರೆ ಇದೆ. ನಿಧಾನ ಬೆಳೆಯುತ್ತವೆ, ಮುಳ್ಳು ಇರುತ್ತದೆ, ಧೂಳು ಹಿಡಿದ ಬೂದು ಹಸಿರು ಬಣ್ಣ. ಬ್ರೋಚರಿನ ಫೋಟೋಗೆ ಒಪ್ಪುವುದಿಲ್ಲ. ಅದಕ್ಕೇ ಎಷ್ಟೋ ವರ್ಷ ಗಲ್ಫ್ ತುಂಬಾ ಕೋನೋಕಾರ್ಪಸ್ ನೆಟ್ಟರು. ಎರಡು ಮೂರು ವರ್ಷದಲ್ಲಿ ಕಾಂಪೌಂಡಿಗಿಂತ ಎತ್ತರದ ಹಸಿರು ಗೋಡೆ ಎದ್ದು ನಿಲ್ಲುತ್ತದೆ. ಆಮೇಲೆ ಬೇರು ನೀರು ಹುಡುಕಿಕೊಂಡು ಪೈಪು, ಚರಂಡಿ, ಟ್ಯಾಂಕಿಗೆ ನುಗ್ಗುತ್ತದೆ. ವಿಲ್ಲಾಗಳ ಮೇಂಟೆನೆನ್ಸ್ ಕೆಲಸ ಮಾಡುವ ಪ್ಲಂಬರ್‌ಗಳನ್ನು ಕೇಳಿದರೆ ಈ ಮರದ ಕಥೆ ಪುಟಗಟ್ಟಲೆ ಹೇಳುತ್ತಾರೆ.

ಇನ್ನೊಂದು, ಪ್ರೊಸೋಪಿಸ್ ಜೂಲಿಫ್ಲೋರಾ. ಹೆಸರು ಗೊತ್ತಿಲ್ಲದಿದ್ದರೂ ಮರ ನಮಗೆ ಚೆನ್ನಾಗಿ ಗೊತ್ತು: ಬಳ್ಳಾರಿ ಜಾಲಿ, ಸೀಮೆ ಜಾಲಿ. ಬಯಲುಸೀಮೆಯ ಕೆರೆ ಅಂಗಳ, ಹೊಲದ ಬದು ನುಂಗಿದ ಅದೇ ಮರ ಅಮೆರಿಕ ಖಂಡದಿಂದ ಬಂದು ಎಮಿರೇಟ್ಸ್, ಒಮಾನ್‌ಗಳಲ್ಲೂ ಹಬ್ಬಿಕೊಂಡಿದೆ. ಹಸಿರು ಮಾಡಲು ಅಂತ ತಂದದ್ದು ಈಗ ಊರಿನ ಗಿಡಗಳ ಜಾಗ ಹಿಡಿದಿದೆ. ಇದರ ಪರಾಗ ಹಾರಿದಾಗ ಮೂಗು ಸೋರುವುದು, ಕಣ್ಣು ಉರಿಯುವುದು, ಉಬ್ಬಸ ಹೆಚ್ಚುವುದು ಗಲ್ಫ್‌ನ ಆಸ್ಪತ್ರೆಗಳಿಗೆ ಪರಿಚಿತ ದೂರು. ಮಗುವಿಗೆ ಒಂದೇ ಸೀಸನ್‌ನಲ್ಲಿ ಪದೇ ಪದೇ ಹೀಗೆ ಆಗುತ್ತಿದ್ದರೆ ಎಸಿಯ ಜೊತೆಗೆ ಕಿಟಕಿ ಹೊರಗಿನ ಮರವನ್ನೂ ಒಮ್ಮೆ ನೋಡಿ, ಡಾಕ್ಟರಿಗೆ ಹೇಳಿ.

ಇದೇ ಕುಲದ ಒಳ್ಳೆಯ ಮರವೂ ಒಂದಿದೆ. ಎಮಿರೇಟ್ಸ್ 2008ರಲ್ಲಿ ತನ್ನ ರಾಷ್ಟ್ರೀಯ ಮರ ಎಂದು ಸಾರಿದ ಗಾಫ್. 2019ರ ಸಹಿಷ್ಣುತೆಯ ವರ್ಷದ ಲಾಂಛನದಲ್ಲೂ ಅದೇ ಮರ ಇತ್ತು. ಈ ಗಾಫ್ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ ಮರ. ಪಾಂಡವರು ಆಯುಧ ಬಚ್ಚಿಟ್ಟರು ಅಂತ ಹೇಳುವ, ವಿಜಯದಶಮಿಗೆ ಎಲೆ ಕೊಟ್ಟು ಬಂಗಾರ ಅನ್ನುವ ಅದೇ ಜಾತಿ. ಬಹ್ರೇನ್‌ಗೆ ಹೋದವರೆಲ್ಲ ನೋಡಿ ಬರುವ, ಮರಳಿನಲ್ಲಿ ಒಂಟಿಯಾಗಿ ಸುಮಾರು 400 ವರ್ಷದಿಂದ ನಿಂತ ಜೀವವೃಕ್ಷವೂ ಬನ್ನಿಯೇ. ಇದರ ಬೇರು 30 ಮೀಟರಿಗಿಂತ ಆಳಕ್ಕೆ ಇಳಿಯಬಲ್ಲದು. ಹತ್ತು ಮಹಡಿ ಕಟ್ಟಡದಷ್ಟು! ದುಬೈನ ಮುಶ್ರಿಫ್ ಪಾರ್ಕಿನಲ್ಲಿ ಗಾಫ್‌ನ ಸ್ವಾಭಾವಿಕ ಕಾಡೇ ಇದೆ. ಅಬುಧಾಬಿಯ ಅಲ್ ಫಾಯ್ ಪಾರ್ಕಿನಲ್ಲಿ ಇಂಥ ಸ್ಥಳೀಯ ಮರಗಳನ್ನೇ ಒತ್ತಾಗಿ ನೆಟ್ಟು, ಬಿಸಿಗಾಳಿ ತಡೆದು, ಒಳಗೆ ತಂಪು ಉಳಿಯುವ ಹಾಗೆ ಮಾಡಿದ್ದಾರೆ. ಫಾಯ್ ಅಂದರೆ ಅರಬಿಯಲ್ಲಿ ನೆರಳು.

ನೆರಳು ಯಾರಿಗೆ

ಗ್ರೀನ್ ರಿಯಾದ್ ಯೋಜನೆಯ ಅಂದಾಜಿನಲ್ಲಿ ಮರಗಳಿಂದ ನಗರದ ಗಾಳಿಯ ಬಿಸಿ ಒಂದೂವರೆಯಿಂದ ಎರಡು ಡಿಗ್ರಿ ಇಳಿಯಬೇಕು. 45 ಡಿಗ್ರಿಯಲ್ಲಿ ಎರಡು ಡಿಗ್ರಿ ಯಾವ ಲೆಕ್ಕ ಅಂತ ಕೇಳಬಹುದು. ಆದರೆ ಮೈಗೆ ತಾಗುವ ಬಿಸಿ ಬರೀ ಗಾಳಿಯದಲ್ಲ. ನೇರ ಬಿಸಿಲು, ಕಾದ ಡಾಂಬರು, ಕಾದ ಗೋಡೆ, ಮೂರೂ ಸೇರಿ ಸುಡುತ್ತವೆ. ಮರದ ಕೆಳಗೆ ನಿಂತಾಗ ಬಿಸಿಲು ತಪ್ಪುತ್ತದೆ, ಕಾಲ ಕೆಳಗಿನ ನೆಲವೂ ಕಾದಿರುವುದಿಲ್ಲ. ಹುಲ್ಲು ಹಸಿರಾಗಿದ್ದರೂ ತಲೆಗೆ ನೆರಳು ಕೊಡುವುದಿಲ್ಲ, ನಡು ಮಧ್ಯಾಹ್ನ ಅದರ ಮೇಲೆ ನಿಲ್ಲಲು ಆಗುತ್ತದೆಯೇ?

ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ, ಸೌದಿಯಲ್ಲಿ ಅದೇ ತಿಂಗಳುಗಳಲ್ಲಿ 12ರಿಂದ 3ರವರೆಗೆ ಬಿಸಿಲಿನ ಕೆಲಸ ನಿಷೇಧ. ಆ ಹೊತ್ತಿನಲ್ಲಿ ಕೆಲಸ ನಿಲ್ಲುತ್ತದೆ, ಸರಿ. ಆದರೆ ಬೆಳಿಗ್ಗೆ ಬಸ್‌ಸ್ಟಾಪಿಗೆ ನಡೆಯುವುದು, ಸೈಕಲ್ಲಿನಲ್ಲಿ ಡೆಲಿವರಿ ಕೊಡುವುದು, ಸಂಜೆ ನಾಲ್ಕಕ್ಕೆ ಮತ್ತೆ ಸೈಟಿಗೆ ಇಳಿಯುವುದು ಇದ್ದೇ ಇದೆ. ಕಾರಿನಲ್ಲಿ ಎಸಿ ಹಾಕಿಕೊಂಡು ಹೋಗುವವರಿಗೆ ರಸ್ತೆ ಬದಿಯ ಮರ ಒಂದು ನೋಟ. ನಡೆದು ಹೋಗುವವನಿಗೆ ಅದು ಆರೋಗ್ಯ. ಮರ ಮಧ್ಯದ ಡಿವೈಡರಿನಲ್ಲಿರಬೇಕೋ ಫುಟ್‌ಪಾತ್ ಪಕ್ಕದಲ್ಲೋ ಅನ್ನುವುದನ್ನು ತೀರ್ಮಾನಿಸುವವರು ಈ ವ್ಯತ್ಯಾಸ ಗಮನಿಸಬೇಕು.

ಗಿಡಗಳಿಂದ ಎಲ್ಲಾ ಆಗುತ್ತದೆ ಅಂತಲೂ ಅಲ್ಲ. ದೂರದ ಮರುಭೂಮಿಯಿಂದ ಎದ್ದು ಬರುವ ಧೂಳಿನ ಬಿರುಗಾಳಿಯನ್ನು ನಗರದ ಪಾರ್ಕು ತಡೆಯುವುದಿಲ್ಲ. 2024ರ ಏಪ್ರಿಲ್ 16ರ ಮಳೆಯಲ್ಲಿ ಅಲ್ ಐನ್ ಪ್ರದೇಶದ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಸುರಿಯಿತು. ಅಂಥ ನೀರನ್ನು ಯಾವ ಮರವೂ ಹಿಡಿದು ನಿಲ್ಲಿಸಲಾರದು. ಆದರೆ ಸಾಧಾರಣ ಮಳೆಯಲ್ಲಿ, ಗಿಡದ ಬೇರು ಸಡಿಲ ಮಾಡಿದ ಮಣ್ಣು ನೀರನ್ನು ಕೆಳಗೆ ಇಳಿಸುತ್ತದೆ, ಹರಿವನ್ನು ನಿಧಾನ ಮಾಡುತ್ತದೆ. ಕಣಿವೆಯ ದಾರಿಯನ್ನು ನೀರಿಗೇ ಬಿಟ್ಟರೆ ನೀರು ಮನೆಗೆ ಬರುವುದು ಕಡಿಮೆಯಾಗುತ್ತದೆ.

ಇದು ರಿಯಾದ್‌ಗೆ ಮಾತ್ರ ಅನ್ವಯಿಸುವ ಮಾತಲ್ಲ. ಬೆಂಗಳೂರಿನ ನೀರು ಇಳಿಯುವುದೂ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಲ್ಲೇ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ದುಬಾರಿ ಲೇಔಟುಗಳಿಗೆ ನೀರು ನುಗ್ಗಿದ್ದು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದಾರೆ. ಇಲ್ಲಿ ದುಡಿದ ದುಡ್ಡಿನಲ್ಲಿ ಅಲ್ಲಿ ಸೈಟು ಕೊಳ್ಳುವವರು ದಾಖಲೆ ನೋಡುವ ಜೊತೆಗೆ, ಆ ಜಾಗ ರಾಜಕಾಲುವೆಯ ಪಕ್ಕ ಇದೆಯಾ, ತಗ್ಗಿನಲ್ಲಿದೆಯಾ ಅಂತ ಊರಿನಲ್ಲಿರುವ ಅಣ್ಣನನ್ನೋ ಭಾವನನ್ನೋ ಮಳೆಗಾಲದಲ್ಲೇ ಒಮ್ಮೆ ಕಳಿಸಿ ನೋಡಿಸಿದರೆ ಒಳ್ಳೆಯದು. ಬೇಸಿಗೆಯಲ್ಲಿ ತೋರಿಸಿದ ಸೈಟು ಎಲ್ಲವೂ ಒಣಗೇ ಇರುತ್ತದೆ.

ಶುಕ್ರವಾರ ಹೋಗುವವರಿಗೆ

ಮರುಭೂಮಿಯ ಕಣಿವೆಯಲ್ಲಿ ಏನೂ ಇಲ್ಲ ಅನ್ನಿಸಿದರೂ ಮಣ್ಣಿನಲ್ಲಿ ಬೀಜ ಇರುತ್ತದೆ. ಆಡು, ಒಂಟೆ ಮೇಯುವುದನ್ನು ತಡೆದು, ಗಾಡಿ ಓಡಿಸುವುದನ್ನು ನಿಲ್ಲಿಸಿದರೆ ಒಂದು ಒಳ್ಳೆಯ ಮಳೆಗೆ ಕೆಲವೇ ವಾರದಲ್ಲಿ ಹಸಿರು ಏಳುತ್ತದೆ. ರಿಯಾದ್‌ನಿಂದ ಸುಮಾರು 100 ಕಿಲೋಮೀಟರ್ ದೂರದ ರೌದತ್ ಖುರೈಮ್‌ಗೆ ಮಳೆಯಾದ ವರ್ಷ ಜನ ಹೋಗುವುದು ಇದನ್ನು ನೋಡಲೇ. ಖರ್ಚಿಲ್ಲದ ಗಿಡ ನೆಡುವಿಕೆ ಅಂದರೆ ಇದು: ಬೇಲಿ ಹಾಕಿ ಸುಮ್ಮನಿರುವುದು. ಹಾಗಾಗಿ ದಾರಿ ಬಿಟ್ಟು ಫೋರ್‌ವೀಲ್ ಇಳಿಸಬೇಡಿ. ಟೈರು ಒತ್ತಿ ಗಟ್ಟಿ ಮಾಡಿದ ಮಣ್ಣಿನಲ್ಲಿ ನೀರೂ ಇಳಿಯದು, ಬೀಜವೂ ಏಳದು.

ಕಬಾಬ್‌ಗೆ ಇದ್ದಿಲು ಅಂಗಡಿಯಿಂದ ಒಯ್ಯಿರಿ. ಒಣಗಿದ ಹಾಗೆ ಕಾಣುವ ಜಾಲಿಯ ಕೊಂಬೆ ಸತ್ತಿರಬೇಕೆಂದಿಲ್ಲ. ಬೇಸಿಗೆಗೆ ಎಲೆ ಉದುರಿಸಿ ಕಾಯುತ್ತಿರಬಹುದು. ಸೌದಿಯಲ್ಲಿ ಮರ ಕಡಿಯುವುದಕ್ಕೆ, ಕಾಡಿನ ಕಟ್ಟಿಗೆ ಮಾರುವುದಕ್ಕೆ ಭಾರಿ ದಂಡವಿದೆ. ಬೆಂಕಿಯನ್ನು ಮರದ ಬುಡದಲ್ಲಿ, ಬರೀ ನೆಲದ ಮೇಲೆ ಹಾಕದೆ ಒಲೆ ಸ್ಟ್ಯಾಂಡಿನಲ್ಲೇ ಹಾಕಿ. ಕೆಂಡವನ್ನು, ಕರಿದ ಎಣ್ಣೆಯನ್ನು ಬುಡಕ್ಕೆ ಸುರಿದರೆ ಮೇಲಿನ ಬೇರು ಬೆಂದು ಹೋಗುತ್ತದೆ.

ಮೋಡ ಕಂಡರೆ ವಾದಿಯೊಳಗೆ ಗಾಡಿ ನಿಲ್ಲಿಸಬಾರದು. ಮಳೆ ತಲೆಯ ಮೇಲೇ ಬೀಳಬೇಕೆಂದಿಲ್ಲ, ಹತ್ತಾರು ಕಿಲೋಮೀಟರ್ ಮೇಲೆ ಬಿದ್ದ ನೀರು ಏಕಾಏಕಿ ಬರುತ್ತದೆ. ಎಮಿರೇಟ್ಸ್‌ನಲ್ಲಿ 2023ರಿಂದ, ಮಳೆಯ ವೇಳೆ ಕಣಿವೆ, ಅಣೆಕಟ್ಟಿನ ಬಳಿ ಗುಂಪು ಸೇರಿದರೆ 1,000 ದಿರ್ಹಮ್ ದಂಡ, 6 ಬ್ಲ್ಯಾಕ್ ಪಾಯಿಂಟ್. ಹರಿಯುವ ವಾದಿಗೆ ಗಾಡಿ ಇಳಿಸಿದರೆ 2,000 ದಿರ್ಹಮ್, 23 ಬ್ಲ್ಯಾಕ್ ಪಾಯಿಂಟ್, ಜೊತೆಗೆ 60 ದಿನ ಗಾಡಿ ಪೊಲೀಸರ ವಶದಲ್ಲಿ.